ಹನ್ನೊಂದು ಒಂದರ ಪಂಕ್ತಿ

ಹುಕ್ಕೇರಿಯ ಬೀಗರ ಮನೆಯಲ್ಲಿ ಎಲೆಗೆ ಹೋಳಿಗೆ ಬಿತ್ತು, ಹೋಳಿಗೆಯ ಮೇಲೆ ತುಪ್ಪ ಬಿತ್ತು, ಆ ತುಪ್ಪ ಆರಿ ಹೆಪ್ಪುಗಟ್ಟಿತು. ನಾವು ಮಾತ್ರ ಕೈ ಕಟ್ಟಿಕೊಂಡು ಕೂತೇ ಇದ್ದೆವು.

ಅದು ಆ ಮನೆತನದ ಪದ್ಧತಿ. ಹೊಸ ಬೀಗರು ಮೊದಲ ಸಲ ಪಂಕ್ತಿಗೆ ಕೂತಾಗ ಮನೆಯ ಹಿರಿಯರು ಒಂದು ಒಡಪು ಹಾಕುತ್ತಾರೆ. ಬಿಡಿಸುವವರೆಗೆ, ಇಲ್ಲವೇ ಸೋತೆವೆಂದು ಒಪ್ಪುವವರೆಗೆ, ಯಾರೂ ತುತ್ತೆತ್ತುವಂತಿಲ್ಲ. ಬೇರೆ ಮನೆಗಳಲ್ಲಾದರೆ ಆ ಒಡಪು ಬೀಸುಕಲ್ಲಿನದೋ ತೆಂಗಿನಕಾಯಿಯದೋ ಆಗಿದ್ದು, ಉಪ್ಪಿನಕಾಯಿ ಬಡಿಸುವುದರೊಳಗೆ ಮುಗಿದುಹೋಗುತ್ತದೆ. ಈ ಮನೆಯ ಹಿರಿಯರು, ಅಂದರೆ ವರನ ಅಜ್ಜಾರು, ಸರ್ವೇ ಖಾತೆಯಲ್ಲಿ ಮಂದಿಯ ಹೊಲಗಳಿಗೆ ಸರಪಳಿ ಎಳೆದು ಪಿಂಚಣಿಗೆ ಬಂದವರು. ಅಳೆಯಲು ಹೊಲ ಉಳಿಯದೆ ಹೋದಾಗ ಅವರು ಅಂಕಿಗಳ ಬೆನ್ನು ಹತ್ತಿದ್ದರು.

ನಾವು ಅಲ್ಲಿಗೆ ಹೋದದ್ದು ಬೇರೆ ಕೆಲಸಕ್ಕೆ. ನನ್ನ ಅಣ್ಣನಿಗೆ ಗೋಕಾಕದಲ್ಲಿ ಬೆಲ್ಲದ ಅಡತಿ ಅಂಗಡಿ. ನಾನು ಅದೇ ಊರಿನ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಅಣ್ಣನ ಮಗಳಿಗೆ ಆಗ ಹತ್ತೊಂಬತ್ತು. ನಡುವೆ ಸಾಲಿ ಬಿಟ್ಟು, ಹಟ ಹಿಡಿದು ಮತ್ತೆ ಸೇರಿ, ಮ್ಯಾಟ್ರಿಕ್ ವರ್ಷಕ್ಕೆ ಬಂದಿದ್ದಳು. ಹುಕ್ಕೇರಿಯ ಸಂಬಂಧ ಅವಳಿಗೂ ಒಪ್ಪಿಗೆಯಾಗಿತ್ತು. ಒಂದೇ ತೊಡಕೆಂದರೆ ಅವರು ಮಾಘದಲ್ಲಿ ಲಗ್ನ ಅನ್ನುತ್ತಿದ್ದರು, ಪರೀಕ್ಷೆ ಇದ್ದದ್ದು ಮಾಘ ಕಳೆದ ಮೇಲೆ. ಲಗ್ನವಾಗಿ ಹುಕ್ಕೇರಿಯ ಒಲೆಯ ಮುಂದೆ ಕೂತವಳು ಮತ್ತೆ ಬೆಳಗಾವಿಗೆ ಹೋಗಿ ಪರೀಕ್ಷೆಗೆ ಕೂಡುವುದು ಆ ಕಾಲದಲ್ಲಿ ಆಗದ ಮಾತು. ನಾವು ಬಸ್ಸು ಹತ್ತುವಾಗ ಅವಳು ಹೇಳಿ ಕಳಿಸಿದ್ದು ಇಷ್ಟೇ: ಲಗ್ನಕ್ಕೆ ತನ್ನ ತಕರಾರಿಲ್ಲ, ವೈಶಾಖದಲ್ಲಿ ಇಟ್ಟುಕೊಳ್ಳಲಿ. ಅಣ್ಣ ಬೆಲ್ಲದ ದರಕ್ಕೆ ಕೊಲ್ಹಾಪುರದವರ ಜೊತೆ ಜಗಳಕ್ಕೆ ನಿಲ್ಲುವ ಮನುಷ್ಯ. ಬೀಗರೆದುರು ಮಾತ್ರ ಅವನ ನಾಲಿಗೆ ಅಂಗುಳು ಬಿಟ್ಟು ಏಳುವುದಿಲ್ಲ. ಅದಕ್ಕೆ ನನ್ನನ್ನು ಜೊತೆಗೆ ಎಳೆದುಕೊಂಡು ಹೋಗಿದ್ದ.

ಯುದ್ಧದ ಕಾಲ. ಪೆಟ್ರೋಲಿಲ್ಲದೆ ಇದ್ದಲಿನ ಹೊಗೆಯ ಮೇಲೆ ನಡೆಯುತ್ತಿದ್ದ ಬಸ್ಸನ್ನು ಬೆಲ್ಲದ ಬಾಗೇವಾಡಿಯ ಹತ್ತಿರ ನಾವೇ ದೂಕಿ, ಮಸಿಯ ಮೋರೆ ತೊಳೆದುಕೊಂಡು ಪಂಕ್ತಿಗೆ ಕೂತಿದ್ದೆವು. ನಾನು ವೈಶಾಖದ ಮಾತು ತೆಗೆದೆ. ಅಜ್ಜಾರು ಕೇಳಿದರು, ಮೀಸೆಯ ಮೇಲೆ ಬೆರಳಾಡಿಸಿದರು, ಆಮೇಲೆ ತಮ್ಮ ಒಡಪು ಹಾಕಿದರು.

“ಮಾಸ್ತರ, ಒಂದರ ಬಾಜೂಕ ಒಂದು, ಹಿಂಗ ಹನ್ನೊಂದು ಒಂದು ಬರೀರಿ. ಅಷ್ಟು ಮಂದಿ ಊಟಕ್ಕ ಬಂದಾರ ಅಂತ ತಿಳೀರಿ. ಅವರನ್ನ ಸಮಾ ಸಮಾ ಪಂಕ್ತಿ ಮಾಡಿ ಕೂಡಸ್ರಿ. ಯಾರೂ ಹೊರಗ ಉಳೀಬಾರದು. ಎಲ್ಲಾರೂ ಒಂದ ಪಂಕ್ತ್ಯಾಗ ಅನಬ್ಯಾಡ್ರಿ, ಒಬ್ಬೊಬ್ಬರಿಗೆ ಒಂದೊಂದು ಪಂಕ್ತಿನೂ ಅನಬ್ಯಾಡ್ರಿ.”

ಅತಿಥಿಗಳ ಸಂಖ್ಯೆ ಸಾವಿರದ ನೂರಾ ಹನ್ನೊಂದು ಕೋಟಿ, ಹನ್ನೊಂದು ಲಕ್ಷ, ಹನ್ನೊಂದು ಸಾವಿರದ ನೂರಾ ಹನ್ನೊಂದು. ಭೂಮಂಡಲದ ಒಟ್ಟು ಪ್ರಜೆಗಳನ್ನು ಕರೆದರೂ ಎಲೆಗಳು ಉಳಿಯುತ್ತಿದ್ದವು. ನಾನು ಬಾಯಲ್ಲೇ ಮೂರು, ಏಳು, ಹನ್ನೊಂದು, ಹದಿಮೂರು ಇವುಗಳಿಂದ ಭಾಗಿಸಿ ನೋಡಿದೆ. ಯಾವುದೂ ಹತ್ತಲಿಲ್ಲ. ಒಂದುಗಳ ಎಣಿಕೆ ಆರೋ ಎಂಟೋ ಇದ್ದಿದ್ದರೆ ಮಧ್ಯದಲ್ಲಿ ಮುರಿದರೆ ಸಾಕು, ಬಿಡಿಸಿಕೊಳ್ಳುತ್ತದೆ. ಹನ್ನೊಂದನ್ನು ಎಲ್ಲಿ ಮುರಿಯುವುದು? ಉತ್ತರ ಅವರಿಗಾದರೂ ಗೊತ್ತಿದೆಯೇ ಎಂದು ಕೇಳಿದೆ.

“ಗೊತ್ತಿದ್ರ ನಿಮ್ಮನ್ಯಾಕ ಕೇಳತಿದ್ನಿ?” ಅಂದರು ಅಜ್ಜಾರು. ಎರಡರಿಂದ ಹತ್ತರವರೆಗಿನ ಒಂದುಗಳ ಲೆಕ್ಕ ಅವರು ತೀರಿಸಿದ್ದರಂತೆ. ಏಳು ಒಂದುಗಳನ್ನು ೨೩೯ ಪಂಕ್ತಿಗಳಲ್ಲಿ ೪೬೪೯ ಜನರಂತೆ ಕೂಡಿಸಿದ್ದು ತಮ್ಮ ಇಡೀ ಸರ್ಕಾರಿ ಸೇವೆಗಿಂತ ದೊಡ್ಡ ಕೆಲಸ ಎಂದರು. ಹನ್ನೊಂದು ಮಾತ್ರ ಅವರನ್ನು ಸೋಲಿಸಿತ್ತು.

ಕರಾರು ಹೀಗಾಯಿತು. ಈಗ ಉಣ್ಣಬಹುದು. ಸಂಕ್ರಮಣಕ್ಕೆ ಅವರು ದಿನ ಗೊತ್ತು ಮಾಡಲು ಗೋಕಾಕಕ್ಕೆ ಬರುತ್ತಾರೆ. ಅಷ್ಟರೊಳಗೆ ಸಂಖ್ಯೆಯನ್ನು ಒಡೆದು ತೋರಿಸಬೇಕು, ಇಲ್ಲವೇ ಒಡೆಯುವುದಿಲ್ಲವೆಂದು ಖಾತ್ರಿ ಮಾಡಿಕೊಡಬೇಕು. ಎರಡರಲ್ಲಿ ಒಂದಾದರೆ ವೈಶಾಖ, ಇಲ್ಲದಿದ್ದರೆ ಮಾಘ. ವರನಾಗುವ ಹುಡುಗ ಮೂಲೆಯಲ್ಲಿ ಕೂತು ನೆಲ ನೋಡುತ್ತಿದ್ದ. ಅಣ್ಣ ತಣ್ಣನೆಯ ಹೋಳಿಗೆಯನ್ನು ಶಿಕ್ಷೆಯಂತೆ ಉಂಡ.

ಮನೆಗೆ ಬಂದು ಹೇಳಿದಾಗ ಹುಡುಗಿ ಅಳಲಿಲ್ಲ, ಸಿಟ್ಟಾಗಲಿಲ್ಲ. ಹನ್ನೊಂದು ಒಂದು ಬರೆದು ನೋಡಿ, “ಅಜ್ಜಾರು ನನ್ನ ಪರೀಕ್ಷಾಕ್ಕ ಮೊದಲ ಇನ್ನೊಂದು ಪರೀಕ್ಷಾ ಇಟ್ಟಾರಲ್ಲ ಕಾಕಾ,” ಅಂದಳು. ಆ ದಿನದಿಂದ ಅವಳ ಸಾಲಿಯ ಅಭ್ಯಾಸ ಬೆಳಿಗ್ಗೆ, ಹುಕ್ಕೇರಿಯ ಅಭ್ಯಾಸ ಸಂಜೆ ಎಂದಾಯಿತು. ಕಾಗದ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ, ಸಿಕ್ಕರೂ ಅಣ್ಣ ಬೆಲ್ಲದ ಚೀಟಿಗೆ ಇಟ್ಟುಕೊಳ್ಳುತ್ತಿದ್ದ. ಸೀಮೆಎಣ್ಣೆಯೂ ಅಳತೆಯದು. ಆದ್ದರಿಂದ ಎರಡು ಪಾಟಿ, ಒಂದು ಒದ್ದೆ ಅರಿವೆ, ಕತ್ತಲಾಗುವವರೆಗೆ ಹಿತ್ತಲ ಕಟ್ಟೆ. ಒಂದು ಭಾಗಾಕಾರ ಮುಗಿಯಿತೆಂದರೆ ಒರೆಸುವುದು, ಮುಂದಿನದು ಬರೆಯುವುದು.

ಸುಮ್ಮನೆ ಒಂದೊಂದಾಗಿ ಭಾಗಿಸುತ್ತ ಹೋದರೆ ಒಂದು ಲಕ್ಷದ ಐದು ಸಾವಿರ ದಾಟುವವರೆಗೆ ಹೋಗಬೇಕು. ಅದರ ಆಚೆ ಹುಡುಕುವ ಅಗತ್ಯವಿಲ್ಲ, ಯಾಕೆಂದರೆ ಜೋಡಿಯ ಸಣ್ಣ ಸಂಖ್ಯೆ ಅಷ್ಟರೊಳಗೇ ಸಿಗಬೇಕು. ಆ ಹಾದಿಯಲ್ಲಿ ಹೋಗಿದ್ದರೆ ಹುಡುಗಿಯ ಮೊಮ್ಮಕ್ಕಳು ಉತ್ತರ ತರುತ್ತಿದ್ದರು. ನನ್ನ ಕೈಯಲ್ಲಿ ಪುಣೆಯ ಕಾಲೇಜಿನಿಂದ ತಂದ ಒಂದೇ ಒಂದು ಆಯುಧವಿತ್ತು. ಅದನ್ನು ಅವಳಿಗೆ ತೋರಿಸಿದೆ.

ಒಂದನ್ನು ಒಂದು ಅವಿಭಾಜ್ಯ ಸಂಖ್ಯೆಯಿಂದ ಭಾಗಿಸುತ್ತ ಹೋಗಿರಿ. ಎರಡು ಮತ್ತು ಐದನ್ನು ಬಿಟ್ಟರೆ, ದಶಾಂಶದ ಅಂಕಿಗಳು ಒಂದು ಸುತ್ತು ಹೊಡೆದು ಮತ್ತೆ ಮೊದಲಿಗೇ ಬರುತ್ತವೆ. ಏಳರಿಂದ ಭಾಗಿಸಿದರೆ ಆರು ಅಂಕಿಗೊಂದು ಸುತ್ತು, ಮೂವತ್ತೇಳರಿಂದ ಭಾಗಿಸಿದರೆ ಮೂರು ಅಂಕಿಗೊಂದು ಸುತ್ತು. ಈ ಸುತ್ತಿನ ಉದ್ದ ಆ ಸಂಖ್ಯೆಗಿಂತ ಒಂದು ಕಡಿಮೆಯಾದದ್ದನ್ನು ಶೇಷವಿಲ್ಲದೆ ಭಾಗಿಸುತ್ತದೆ: ಆರನ್ನು ಆರು, ಮೂವತ್ತಾರನ್ನು ಮೂರು. ನಮ್ಮ ಹನ್ನೊಂದು ಒಂದುಗಳನ್ನು ಒಡೆಯುವ ಅವಿಭಾಜ್ಯ ಸಂಖ್ಯೆ ಇದ್ದರೆ ಅದರ ಸುತ್ತು ಹನ್ನೊಂದು ಅಂಕಿಯದೇ. ಅಂದರೆ ಅದರಲ್ಲಿ ಒಂದು ಕಳೆದರೆ ಉಳಿದದ್ದು ಹನ್ನೊಂದರಿಂದ ಶೇಷವಿಲ್ಲದೆ ಹೋಗಬೇಕು, ಸಮಸಂಖ್ಯೆಯೂ ಆಗಿರಬೇಕು, ಹೀಗಾಗಿ ಇಪ್ಪತ್ತೆರಡರಿಂದ ಹೋಗಬೇಕು. ಉಳಿದ ಸಂಖ್ಯೆಗಳೆಲ್ಲ ಬಾಗಿಲ ಹೊರಗೆ.

“ಅಂದ್ರ ಇಪ್ಪತ್ಮೂರು, ಅರವತ್ತೇಳು, ಎಂಬತ್ತೊಂಬತ್ತು, ನೂರಾ ತೊಂಬತ್ತೊಂಬತ್ತು,” ಎಂದು ಅವಳು ಬೆರಳ ಮೇಲೆ ಎಣಿಸಿದಳು. ಹೌದು. ಹತ್ತು ಸಾವಿರದಷ್ಟಿದ್ದ ಭಾಗಾಕಾರ ಒಂದು ಸಾವಿರದಷ್ಟಕ್ಕೆ ಇಳಿದಿತ್ತು. ಒಂದು ಆಯುಧಕ್ಕೆ ಇದು ಸಣ್ಣ ಪೌರುಷವಲ್ಲ.

ಕಾರ್ತಿಕವೆಲ್ಲ ಹೀಗೆ ಕಳೆಯಿತು. ಪ್ರತಿ ಭಾಗಾಕಾರದ ಕೊನೆಗೆ ಒಂಬತ್ತರ ತಾಳೆ ನೋಡುತ್ತಿದ್ದೆವು. ಇದನ್ನು ನಮ್ಮ ಸಾಲಿಗಳಲ್ಲಿ ಸಂಧ್ಯಾವಂದನೆಯಷ್ಟೇ ಭಕ್ತಿಯಿಂದ ಕಲಿಸುತ್ತಾರೆ: ಸಂಖ್ಯೆಯ ಅಂಕಿಗಳನ್ನೆಲ್ಲ ಕೂಡಿಸಿ, ಒಂಬತ್ತುಗಳನ್ನು ಬಿಟ್ಟು, ಉಳಿದದ್ದು ಎರಡೂ ಕಡೆ ಒಂದೇ ಬಂತೋ ನೋಡುವುದು. ಬಂದರೆ ಲೆಕ್ಕ ಸರಿ. ಹದಿನೆಂಟು ವರ್ಷದ ಹುಡುಗರಿಗೂ ಹಾಗೆಯೇ ಕಲಿಸಿದವನು ನಾನು. ಒಂದೊಂದು ಶೇಷ ಬಂದಾಗಲೂ ನಾವು ಅದಕ್ಕೊಂದು ವಿದಾಯದ ಮಾತು ಹೇಳಿ ಒರೆಸುತ್ತಿದ್ದೆವು. ಒಮ್ಮೆ ನನ್ನ ಪಾಟಿಯಲ್ಲಿ ಸರಿಯಾಗಿ ೩೬೦೦ ಉಳಿದಾಗ, ಒಂದು ತಾಸಿನ ಸೆಕೆಂಡುಗಳೆಲ್ಲ ಇಲ್ಲಿ ಬಂದು ಕೂತಿವೆ ಎಂದು ನಕ್ಕು ಒರೆಸಿದ್ದೆ.

ಡಿಸೆಂಬರ ರಜೆಗೆ ಮೂಡಲಗಿಗೆ ಹೋದೆವು. ಅದು ಹುಡುಗಿಯ ತಾಯಿಯ ತವರು. ಅಲ್ಲಿಯ ಆಯಿ, ಅಂದರೆ ಅವಳ ಅಜ್ಜಿ, ನಾವು ಜಾತಕ ಹಾಕುತ್ತಿದ್ದೇವೆಂದು ತಿಳಿದು ಮೊದಲು ಭಯಭಕ್ತಿಯಿಂದ ಕಟ್ಟೆ ಸಾರಿಸಿ ಕೊಟ್ಟರು. ನಾಲ್ಕು ದಿನ ನೋಡಿ, “ಇಷ್ಟು ಹೊತ್ತು ಯಾವ ಗ್ರಹಾನೂ ಕಾಡಂಗಿಲ್ಲ,” ಎಂದು ಶೇಂಗಾ ಸುಲಿಯಲು ತಂದು ಮುಂದಿಟ್ಟರು. ಶೇಂಗಾ ಸುಲಿಯುತ್ತ ಭಾಗಿಸುತ್ತ ನಲವತ್ತು ಸಾವಿರ ದಾಟಿದ್ದೆವು. ಹಸಿರೆಲೆ ಕಾಣದ ಕಾಡಿನಲ್ಲಿ ನಡೆದಂತಿತ್ತು. ಆದರೂ ಮನಸ್ಸಿಗೆ ಒಂದು ಹಬ್ಬ. ಮಗಳಂಥ ಹುಡುಗಿ ಎದುರು ಕೂತು ನನ್ನ ಸರಿಸಮ ಭಾಗಿಸುವುದನ್ನು ನೋಡುವ ಸುಖ ಯಾವ ಸಾಲಿ ಇನಸ್ಪೆಕ್ಟರರ ಶಿಫಾರಸಿನಲ್ಲೂ ಸಿಗದು.

ಅಲ್ಲಿಯೇ ಎಡವಟ್ಟಾಯಿತು. ಭಾಜಕಗಳನ್ನು ಹಂಚಿಕೊಳ್ಳುವಾಗ ಲಕ್ಷ್ಯ ತಪ್ಪಿ ಇಬ್ಬರೂ ಒಂದೇ ಸಂಖ್ಯೆಯಿಂದ ಭಾಗಿಸಿದ್ದೆವು. ಅವಳಿಗೆ ಶೇಷ ೩೫೨೭ ಬಂದಿತ್ತು, ನನಗೆ ೩೫೭೨. ಎರಡಕ್ಕೂ ಒಂಬತ್ತರ ತಾಳೆ ಸರಿ. ಒಂದೇ ಖೂನಿಯನ್ನು ಕಂಡ ಇಬ್ಬರು ಸಾಕ್ಷಿದಾರರು ಬೇರೆ ಬೇರೆ ಆರೋಪಿಯನ್ನು ತೋರಿಸಿದಂತೆ, ಇಬ್ಬರೂ ದೇವರ ಮೇಲೆ ಆಣೆ ಮಾಡಿ.

ಪಾಟಿಗಳನ್ನು ಬಾಜೂಬಾಜೂ ಇಟ್ಟು ಅವಳು ಬಹಳ ಹೊತ್ತು ನೋಡಿದಳು. ತಪ್ಪು ನನ್ನದು. ನಾನು ಮಗ್ಗಿ ಕಲಿತದ್ದು ಮರಾಠಿ ಸಾಲಿಯಲ್ಲಿ. ಅಲ್ಲಿ ಇಪ್ಪತ್ತೇಳು ಎನ್ನುವಾಗ ಏಳು ಮೊದಲು ಬರುತ್ತದೆ, ಇಪ್ಪತ್ತು ಆಮೇಲೆ. ಕೈ ದಣಿದಾಗ ಅದು ಮನಸ್ಸಿನ ಮರಾಠಿಯನ್ನು ಕೇಳಿದ ಕ್ರಮದಲ್ಲೇ ಬರೆದುಬಿಡುತ್ತಿತ್ತು. ಇಂಥ ಕೈಗಳು ನಮ್ಮ ಜಿಲ್ಲೆಯ ಕಚೇರಿಗಳಲ್ಲೆಲ್ಲ ಇದ್ದವು. ಆದರೆ ನನ್ನನ್ನು ಬೆವರಿಸಿದ್ದು ಅವಳ ಮುಂದಿನ ಪ್ರಶ್ನೆ.

“ಕಾಕಾ, ಅಂಕಿ ಅದಲುಬದಲಾದ್ರೂ ಕೂಡಿಸಿದ್ರ ಅಷ್ಟ ಬರತೈತಲ್ಲ. ಮತ್ತ ಈ ಒಂಬತ್ತರ ತಾಳೆ ಏನ ಕಾಯತೈತಿ?”

ಏನೂ ಕಾಯುವುದಿಲ್ಲ. ಕಳ್ಳ ಅಂಗಿ ತಿರುವಿ ಹಾಕಿಕೊಂಡು ಬಂದರೆ ನಮಸ್ಕಾರ ಮಾಡಿ ಒಳಗೆ ಬಿಡುವ ಕಾವಲುಗಾರ ಅದು. ಇಷ್ಟು ವರ್ಷ ಅದಕ್ಕೆ ನಾನು ಪಗಾರ ಕೊಟ್ಟು ಇಟ್ಟುಕೊಂಡಿದ್ದೆ. ಹಿಂದೆ ಮಾಡಿದ ನೂರಾರು ಭಾಗಾಕಾರಗಳಲ್ಲಿ ಎಷ್ಟು ಅಂಗಿ ತಿರುವಿ ಹೋಗಿವೆಯೋ ನೋಡಲು ಪಾಟಿಯ ಮೇಲೆ ಒಂದು ಗೆರೆಯೂ ಉಳಿದಿರಲಿಲ್ಲ.

ಮಾರನೇ ದಿನ ಅಣ್ಣ ಬೆಲ್ಲದ ಗಾಡಿಯ ಜೊತೆ ಮೂಡಲಗಿಗೆ ಬಂದ. ಸಂಗತಿ ಕೇಳಿ ಅವನಿಗೆ ವ್ಯಾಪಾರಿಯ ಬುದ್ಧಿ ಹೊಳೆಯಿತು. ಸಂಖ್ಯೆ ಒಡೆಯುವುದಿಲ್ಲ ಎಂದು ಹೇಳಿಬಿಡೋಣ. ಅಜ್ಜಾರಿಗೂ ಗೊತ್ತಿಲ್ಲ, ಯಾರು ಒಂದು ಲಕ್ಷದವರೆಗೆ ಭಾಗಿಸಿ ನೋಡುತ್ತಾರೆ? ಒಪ್ಪಿಕೊಳ್ಳುತ್ತೇನೆ, ನನಗೂ ಅದು ಕೆಟ್ಟ ಸಲಹೆ ಅನ್ನಿಸಲಿಲ್ಲ. ನಲವತ್ತು ಸಾವಿರದಲ್ಲಿ ನಿಂತವನಿಗೆ ಮತ್ತೆ ಇಪ್ಪತ್ತಮೂರಕ್ಕೆ ಹೋಗು ಅನ್ನುವುದು, ಕಾಶಿಯ ಗಂಗೆಯಲ್ಲಿ ಕಾಲಿಡುವವನಿಗೆ ಮನೆಗೆ ಕೀಲಿ ಹಾಕಿ ಬಂದಿಲ್ಲ ಎಂದು ನೆನಪಿಸಿದಂತೆ.

ಹುಡುಗಿ ಶೇಂಗಾದ ಬುಟ್ಟಿ ಆಚೆ ಸರಿಸಿದಳು. “ಅಪ್ಪಾ, ನಾಳೆ ಯಾರರೆ ಅದನ್ನ ಒಡದ್ರಂದ್ರ? ಆ ಮನ್ಯಾಗ ಬಾಳೇ ಮಾಡಾಕಿ ನೀವಲ್ಲ, ನಾನು. ಸುಳ್ಳ ಹೇಳಿ ಪರೀಕ್ಷಾಕ್ಕ ಕುಂದರಾಕಿ ನಾನಲ್ಲ.”

ಅಣ್ಣ ಆಯಿಯ ಕಡೆ ನೋಡಿದ. ಆಯಿ, “ಖರೆ ಹೇಳಾಕತ್ತಾಳ,” ಅಂದು ಶೇಂಗಾದ ಬುಟ್ಟಿಯನ್ನು ಅವನ ಮುಂದಿಟ್ಟರು. ನಾನು ಎರಡೂ ಪಾಟಿ ತೊಳೆದುಕೊಂಡು ಬಂದು, ಮೇಲೆ ೨೩ ಎಂದು ಬರೆದೆ.

ಈ ಸಲ ಹನ್ನೊಂದರ ತಾಳೆ. ಅದರಲ್ಲಿ ಅಂಕಿಗಳನ್ನು ಬಲಗಡೆಯಿಂದ ಒಂದು ಕೂಡಿಸಿ ಒಂದು ಕಳೆಯುತ್ತ ಹೋಗಬೇಕು, ಆದ್ದರಿಂದ ಪಕ್ಕದ ಅಂಕಿಗಳು ಜಾಗ ಬದಲಿಸಿದರೆ ತಕ್ಷಣ ಸಿಕ್ಕಿಬೀಳುತ್ತವೆ. ಕೆಲಸ ಇಮ್ಮಡಿಯಾಯಿತು ಎಂದು ನಾನು ಉಸ್ಸೆಂದೆ. ಅವಳು ಎರಡನೆಯ ದಿನವೇ ಅದರಲ್ಲೊಂದು ಒಳದಾರಿ ಕಂಡಳು. ನಮ್ಮ ಭಾಜಕಗಳೆಲ್ಲ ಇಪ್ಪತ್ತೆರಡರ ಮೇಲೆ ಒಂದು. ಹನ್ನೊಂದರಿಂದ ಭಾಗಿಸಿದರೆ ಪ್ರತಿಯೊಂದೂ ಒಂದನ್ನೇ ಉಳಿಸುತ್ತದೆ. ನಮ್ಮ ದೊಡ್ಡ ಸಂಖ್ಯೆಯೂ ಒಂದನ್ನೇ ಉಳಿಸುತ್ತದೆ. ಹಾಗಾದರೆ ಗುಣಿಸುವ ಗೋಜೇ ಇಲ್ಲ. ಭಾಗಲಬ್ಧದ ತಾಳೆ, ಶೇಷದ ತಾಳೆ ಎರಡನ್ನೂ ಕೂಡಿಸಿ, ಹನ್ನೊಂದುಗಳನ್ನು ಬಿಟ್ಟರೆ ಒಂದು ಬರಬೇಕು, ಮುಗಿಯಿತು. ಒಂಬತ್ತರ ತಾಳೆಗಿಂತ ಅರ್ಧ ಶ್ರಮ. ಇಷ್ಟು ಹತ್ತಿರ ಇದ್ದ ಬಾವಿಯನ್ನು ಬಿಟ್ಟು ಎರಡು ತಿಂಗಳು ಹೊಳೆಯಿಂದ ನೀರು ಹೊತ್ತಿದ್ದೆವು. ನನ್ನ ಪಾಟಿಯಲ್ಲಿ ತಿರುವಿದ ಅಂಗಿಗಳು ಆಗಾಗ ಸಿಕ್ಕವು. ಪ್ರತಿ ಸಲವೂ ಅವಳು, “ಕಾಕಾ, ಕನ್ನಡದಾಗ ಎಣಸ್ರಿ,” ಅನ್ನುತ್ತಿದ್ದಳು.

ರಜೆ ಮುಗಿದು ಗೋಕಾಕಕ್ಕೆ ಬಂದೆವು. ಸಂಕ್ರಮಣ ಹತ್ತಿರ ಬಂದಿತ್ತು. ಮನೆಯಲ್ಲಿ ಎಳ್ಳು ಹುರಿಯುವ ವಾಸನೆ. ನಾವು ಇಪ್ಪತ್ತೊಂದು ಸಾವಿರದ ಮೇಲೆ ಎಲ್ಲೋ ಇದ್ದೆವು. ನಲವತ್ತು ಸಾವಿರವನ್ನೂ ಮತ್ತೆ ಮುಟ್ಟಲಾರೆವು, ಒಂದು ಲಕ್ಷದ ಮಾತು ದೂರ ಎಂದು ನನಗೆ ಖಾತ್ರಿಯಾಗಿತ್ತು. ಅಣ್ಣ ಮಾಘದ ಮುಹೂರ್ತ ಕೇಳಲು ಸ್ವಾಮಿಗಳ ಹತ್ತಿರ ಹೋಗಿ ಬಂದಿದ್ದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವಳು ಭಾಗಿಸುತ್ತಲೇ ಇದ್ದಳು.

ಒಂದು ಸಂಜೆ ಅವಳ ಬಳಪದ ಸಪ್ಪಳ ನಿಂತಿತು. ನಾನು ತಲೆ ಎತ್ತಲಿಲ್ಲ.

“ಕಾಕಾ, ಇಲ್ಲಿ ಶೇಷ ಬರವಲ್ದು,” ಅಂದಳು.

ಭಾಜಕ ೨೧೬೪೯. ಕೊನೆಯ ಮೆಟ್ಟಿಲಲ್ಲಿ ೧೯೪೮೪೧ ಉಳಿದಿತ್ತು. ಇಪ್ಪತ್ತೊಂದು ಸಾವಿರದ ಆರುನೂರಾ ನಲವತ್ತೊಂಬತ್ತನ್ನು ಒಂಬತ್ತು ಸಲ ಮಾಡಿದರೆ ಅಷ್ಟೇ, ಒಂದೂ ಹೆಚ್ಚಿಲ್ಲ ಕಡಿಮೆಯಿಲ್ಲ. ಭಾಗಲಬ್ಧ ೫೧೩೨೩೯. ನಾನು ತಿರುಗಿ ಗುಣಿಸಿದೆ. ಪಾಟಿಯ ಮೇಲೆ ಬಲಗಡೆಯಿಂದ ಒಂದು, ಒಂದು, ಒಂದು ಎಂದು ಬರತೊಡಗಿದವು, ಕಾಳಿನ ಚೀಲಕ್ಕೆ ತೂತು ಬಿದ್ದಂತೆ, ಹನ್ನೊಂದನೆಯದು ಬಂದು ನಿಂತಿತು. ಅವಳು ಒಳಗೋಡಿ ಒಂದು ಮುಷ್ಟಿ ಕುಸುರೆಳ್ಳು ತಂದು, ಅರ್ಧ ನನ್ನ ಬಾಯಿಗೆ ಹಾಕಿ ಅರ್ಧ ಪಾಟಿಯ ಮೇಲೆ ಏರಿಸಿದಳು. ಗಣಿತಕ್ಕೆ ನೈವೇದ್ಯವಾದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆಮೇಲೆ ನನಗೆ ಆ ೩೬೦೦ ನೆನಪಾಯಿತು. ಅದಕ್ಕೆ ೧೯೪೮೪೧ ಕೂಡಿಸಿ ನೋಡಿದೆ: ೧೯೮೪೪೧. ನಲವತ್ತೆಂಟು ಬರೆಯುವ ಜಾಗದಲ್ಲಿ ನನ್ನ ಕೈ ಎಂಬತ್ನಾಲ್ಕು ಬರೆದಿತ್ತು. ಮೊದಲ ಸುತ್ತಿನಲ್ಲಿ ಉತ್ತರ ನನ್ನ ಪಾಟಿಗೇ ಬಂದಿತ್ತು. ನಾನು ಜೋಕು ಹೇಳಿ ಒರೆಸಿ ಕಳಿಸಿದ್ದೆ. ಹುಡುಗಿಗೆ ಹೇಳಿದಾಗ ಅವಳು ನಕ್ಕಳು, ಹೊಟ್ಟೆ ಹಿಡಿದುಕೊಂಡು ನಕ್ಕಳು.

ಸಂಕ್ರಮಣದ ದಿನ ಹುಕ್ಕೇರಿಯವರು ಬಂದರು. ಅಜ್ಜಾರು ಜಮಖಾನೆಯ ಮೇಲೆ ಕೂತು, ನೀರೂ ಕುಡಿಯದೆ, “ಏನಾತ್ರಿ ಮಾಸ್ತರ?” ಅಂದರು. ನಾನು ಎರಡು ಸಂಖ್ಯೆ ಹೇಳಿದೆ. ಅವರು ನಂಬಲಿಲ್ಲ. ಪಾಟಿ ತರಿಸಿಕೊಂಡು, ಕನ್ನಡಕ ಒರೆಸಿಕೊಂಡು, ತಾವೇ ಗುಣಿಸಲು ಕೂತರು. ಒಳಗೆ ಅಡಿಗೆ ಆರುತ್ತಿತ್ತು. ಈ ಸಲ ಕೈಕಟ್ಟಿ ಕೂತವರು ಅವರ ಕಡೆಯವರು. ಅಜ್ಜಾರ ತುಟಿ ಅಲುಗುತ್ತಿತ್ತು, ಆಮೇಲೆ ನಿಂತಿತು. ಪಾಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಕಳೆದುಹೋದ ಎತ್ತು ಹಟ್ಟಿಗೆ ಮರಳಿ ಬಂದಂತೆ ಅದರ ಮೇಲೆ ಕೈಯಾಡಿಸಿದರು.

ಆದರೂ ಸರ್ವೇದವರು, ಗಡಿಯ ಕಲ್ಲು ಅಲ್ಲಾಡಿಸಿ ನೋಡದೆ ಬಿಡುವವರಲ್ಲ. “ಇದನ್ನ ಇನ್ನೂ ಒಡೀಬಹುದಲ್ಲ ಮಾಸ್ತರ? ಈ ಐದು ಲಕ್ಷದ್ದು ದೊಡ್ಡದೈತಿ. ಅದರೊಳಗ ಮತ್ತೇನರೆ ಇದ್ರ?”

ನಾನು ಬಾಯಿ ತೆಗೆಯುವ ಮೊದಲೇ ಒಳಬಾಗಿಲ ಮರೆಯಿಂದ ಉತ್ತರ ಬಂತು. “ಏನೂ ಇಲ್ರಿ ಅಜ್ಜಾರ. ಅದನ್ನ ಒಡಿಯೂದಿದ್ರ ಏಳುನೂರಾ ಹದಿನೇಳರ ಒಳಗ ಒಂದು ಸಂಖ್ಯೆ ಬೇಕ್ರಿ. ಆ ಸಂಖ್ಯೆ ಹನ್ನೊಂದು ಒಂದನ್ನೂ ಒಡೀತಿತ್ತು. ಅಷ್ಟರೊಳಗಿನವನ್ನೆಲ್ಲಾ ನಾವು ಮೊದಲ ನೋಡೇವ್ರಿ, ಎರಡೆರಡು ಸಲ. ಇಪ್ಪತ್ತೊಂದು ಸಾವಿರದ್ದೂ ಹಂಗ. ಎರಡೂ ಗಟ್ಟಿ ಅದಾವ್ರಿ.”

ಆ ಕಾಲದಲ್ಲಿ ವಧು ಬಾಗಿಲ ಮರೆಯಿಂದ ಬಳೆಯ ಸಪ್ಪಳ ಮಾಡಿದರೂ ಹೆಚ್ಚೆನ್ನುತ್ತಿದ್ದರು. ಅಣ್ಣ ಕಣ್ಣು ಮುಚ್ಚಿಕೊಂಡ. ವರ ಮೊದಲ ಸಲ ನೆಲದಿಂದ ಕಣ್ಣೆತ್ತಿ ಬಾಗಿಲ ಕಡೆ ನೋಡಿದ.

ಅಜ್ಜಾರು ಅವಳು ಹೇಳಿದ್ದನ್ನು ಮನಸ್ಸಿನಲ್ಲೇ ಅಳೆದರು. ಸರಪಳಿ ಸರಿಯಾಗಿ ಕೂತಿತು ಅನ್ನಿಸಿರಬೇಕು. ಮೊಮ್ಮಗನ ಕಡೆ ತಿರುಗಿ, “ವೈಶಾಖದಾಗ ಲಗ್ನಾ. ಅಲ್ಲೀತನಕಾ ನೀನೂ ಒಂದೀಟು ಮಗ್ಗಿ ಓದ್ಕೋ,” ಅಂದರು. ಆಮೇಲೆ ತಡೆಯಲಾರದೆ, ಬಾಗಿಲಿಗೆ ಕೇಳುವಂತೆ, ಹನ್ನೆರಡರಿಂದ ಹದಿನಾರರವರೆಗಿನವು ತಮಗೆ ಅಂಥ ತ್ರಾಸ ಕೊಟ್ಟಿಲ್ಲ, ಹದಿನೇಳು ಒಂದು ಮಾತ್ರ ಬಹಳ ಬಿರುಸು, ಅದರದು ಏನಾದರೂ ಆದೀತೇನು ಎಂದು ಕೇಳಿದರು.

“ಆ ಲೆಕ್ಕಕ್ಕ ಮ್ಯಾಟ್ರಿಕ್ ಸಾಲಂಗಿಲ್ರಿ ಅಜ್ಜಾರ,” ಎಂದಿತು ಬಾಗಿಲು. “ಕಾಲೇಜಿಗೆ ಹೋಗಬೇಕಾಗತೈತಿ.”

ಅಜ್ಜಾರು ನನ್ನನ್ನು ನೋಡಿದರು, ಅಣ್ಣನನ್ನು ನೋಡಿದರು, ಪಾಟಿಯನ್ನು ನೋಡಿದರು. ಮೀಸೆ ಎರಡು ಸಲ ಅಲುಗಿತು. “ಎಲಿ ಹಾಕ್ರಿ, ಉಣ್ಣೂಣು,” ಅಂದರು.

ವೈಶಾಖದಲ್ಲಿ ಲಗ್ನವಾಯಿತು, ಜೂನಿನಲ್ಲಿ ಬೆಳಗಾವಿಯ ಕಾಲೇಜಿಗೆ ಅವಳ ಹೆಸರು ಹಚ್ಚಿಸಿದವರೂ ಅಜ್ಜಾರೇ. ಹದಿನೇಳು ಒಂದುಗಳನ್ನು ಅವಳು ಒಡೆಯಲಿಲ್ಲ. ಬಿ.ಎ. ಮುಗಿಯುವವರೆಗೆ ಒಡೆಯುವ ವಿಚಾರವೂ ಅವಳಿಗಿರಲಿಲ್ಲ.